ಮುಬೀನಾಳ ಮನೆಯ ಬಾಗಿಲು

ಹೋದ ತಿಂಗಳು ಗದಗಿನಿಂದ ಲಕ್ಷ್ಮೇಶ್ವರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಊರು ದಾಟಿ ಹೊಲಗಳು ಶುರುವಾದ ಮೇಲೆ ಕಿಟಕಿಯಿಂದ ಹಸಿ ಶೇಂಗಾದ ವಾಸನೆ ಬಂತು. ಆಗಷ್ಟೇ ಕಿತ್ತ ಬಳ್ಳಿ, ಬೇರಿಗೆ ಅಂಟಿದ ಮಣ್ಣು, ಇಬ್ಬನಿ, ಎಲ್ಲ ಸೇರಿದ ವಾಸನೆ ಅದು. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು, "ಈ ಸಲ ಕಾಯಿ ಚೊಲೊ ಹಿಡದಾವ ನೋಡ್ರಿ" ಎಂದಳು. ನಾನು ಕಿಟಕಿಯ ಗಾಜು ಎಳೆದೆ. "ಗಾಳಿ ಬರ್ಲಿ ಬಿಡ್ರಿ ಅಜ್ಜಾರ" ಎಂದಳು. ಕೇಳಿಸದವನಂತೆ ಕೂತೆ.

ನಾನು ಹೊರಟಿದ್ದುದು ದಾವಲಸಾಬ ಎಂಬ ಹತ್ತಿಯ ಗಾದಿ ತುಂಬುವವನನ್ನು ಕಂಡು ತಪ್ಪಾಯಿತು ಎಂದು ಹೇಳಲು. ಹಾಗೆ ಹೇಳುವ ಧೈರ್ಯ ಬರುವುದಕ್ಕೆ ಐದು ವರ್ಷ ಹಿಡಿಯಿತು. ತಪ್ಪು ಮಾಡುವುದಕ್ಕೆ ಮೂರು ನಾಲ್ಕು ದಿನ ಸಾಕಾಗಿತ್ತು. ಆ ದಿನಗಳ ಸಂಗತಿಯನ್ನು ಯಾರ ಮುಂದೆಯೂ ಪೂರ್ತಿ ಹೇಳಿಲ್ಲ. ಹೆಂಡತಿಗೆ ಅರ್ಧ ಗೊತ್ತು. ಉಳಿದರ್ಧವನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ.

ನನ್ನ ಓದು ಹತ್ತನೆಯ ಇಯತ್ತೆಯವರೆಗೆ. ಬೆಟಗೇರಿಯಲ್ಲಿ ಅಂಗಡಿಗಳ ಬೋರ್ಡು ಬರೆದು ಸಂಸಾರ ಸಾಗಿಸಿದವನು. ಗದಗ ಹೊಸ ಜಿಲ್ಲೆಯಾದ ವರ್ಷ ನಮ್ಮಂಥವರ ಕೈಗೆ ಬಿಡುವೇ ಇರಲಿಲ್ಲ. ಕಚೇರಿ, ಶಾಲೆ, ಸೊಸೈಟಿ, ಎಲ್ಲ ಬೋರ್ಡುಗಳಲ್ಲೂ ‘ಧಾರವಾಡ ಜಿಲ್ಲೆ’ ಅಳಿಸಿ ‘ಗದಗ ಜಿಲ್ಲೆ’ ಎಂದು ಬರೆಯಬೇಕಿತ್ತು. ಮುಂಡರಗಿ, ಶಿರಹಟ್ಟಿ ಎಂದು ಬಣ್ಣದ ಡಬ್ಬಿಗಳನ್ನು ಬಸ್ಸಿನ ಮೇಲೆ ಹಾಕಿಕೊಂಡು ತಿರುಗಿದೆ. ಕೆಲವು ವರ್ಷಕ್ಕೆ ಫ್ಲೆಕ್ಸ್ ಬಂತು, ನಮ್ಮ ಕುಂಚ ಒಣಗಿತು. ಕೈ ಸುಮ್ಮನಿರಲಾರದೆ ಮಕ್ಕಳಿಗೆ ಚಿತ್ರದ ಪುಸ್ತಕ ಮಾಡತೊಡಗಿದೆ. ಪುಟಕ್ಕೆ ಎರಡು ಸಾಲು ಅಕ್ಷರ, ಉಳಿದದ್ದೆಲ್ಲ ಚಿತ್ರ. ಮೂರು ಪುಸ್ತಕ ಅಚ್ಚಾದವು. ಯಾವ ಮಗು ಅವನ್ನು ಓದಿತು, ಯಾವ ಪುಟದಲ್ಲಿ ನಕ್ಕಿತು ಎನ್ನುವುದು ಒಂದೂ ತಿಳಿಯಲಿಲ್ಲ. ಮಾರಾಟವಾಗದ ಕಟ್ಟುಗಳು ಅಟ್ಟದ ಮೇಲಿದ್ದವು. ಹೆಂಡತಿ ನೀಲವ್ವ ಅವುಗಳ ಮೇಲೆ ಉಳ್ಳಾಗಡ್ಡಿ ಹರವುತ್ತಿದ್ದಳು.

ಆಮೇಲೆ ಕರೋನಾದ ವರ್ಷ ಬಂತು. ಶಾಲೆಗಳಿಗೆ ಬೀಗ ಬಿತ್ತು. ಗದಗ ತಾಲ್ಲೂಕಿನ ಅಂತೂರ-ಬೆಂತೂರ ಹಳ್ಳಿಯ ಶಾಲೆಯಲ್ಲಿ ಕಲಿಸುವ ಅಕ್ಕೋರು ಒಬ್ಬರು ನನ್ನ ಪುಸ್ತಕದ ಹಿಂದಿದ್ದ ನಂಬರು ನೋಡಿ ಫೋನ್ ಮಾಡಿದರು. "ಸರ, ಹುಡುಗರು ಅಕ್ಷರಾ ಮರ್ತು ಹೊಂಟಾವ್ರಿ. ದಿನಾ ಸಂಜೀಕ ಒಂದು ಪುಟಾ ಫೋನಿನ್ಯಾಗ ಓದಿ ತೋರಸ್ತೀರೇನು?" ಎಂದರು. ಅವರೇ ಒಂದು ವಾಟ್ಸಾಪ್ ಗುಂಪು ಮಾಡಿ ತಮ್ಮ ಶಾಲೆಯ ಮಕ್ಕಳ ಮನೆಯ ನಂಬರುಗಳನ್ನು ಹಾಕಿದರು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯ ಅವರ ಗೆಳತಿಯರೂ ತಮ್ಮ ಮಕ್ಕಳನ್ನು ಸೇರಿಸಿದರು. ಸಂಜೆ ಐದಕ್ಕೆ ನಾನು ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ನಿಲ್ಲಿಸಿ, ಪುಟ ಹಿಡಿದು ಓದಿ, ಆ ವಿಡಿಯೊ ಕಳಿಸುತ್ತಿದ್ದೆ. ಐದು ನಿಮಿಷದೊಳಗೆ ಮಕ್ಕಳ ಧ್ವನಿ ಬರತೊಡಗುತ್ತಿತ್ತು.

"ಅಜ್ಜಾರ, ನಿಮ್ಮ ಆನಿಗೆ ಐದು ಕಾಲ ಅದಾವ."

"ಒಂದು ಸೊಂಡಿಲಾ ಅದಲೇ, ಸರಿಯಾಗಿ ಎಣಸು" ಎಂದು ನಾನು ಉತ್ತರ ಕಳಿಸಿದೆ.

"ಹುಲಿ ಯಾಕ ನಗಾಕತ್ತೈತ್ರಿ? ನಮ್ಮ ಹೆಡ್ ಮಾಸ್ತರ ಹಂಗ ಕಾಣತೈತಿ."

ಮೂವತ್ತು ವರ್ಷ ಬೋರ್ಡು ಬರೆದಿದ್ದೆ. ಅಷ್ಟು ವರ್ಷದಲ್ಲಿ ಯಾರೂ ನಿಂತು ನನ್ನ ಅಕ್ಷರದ ಬಗ್ಗೆ ಒಂದು ಮಾತು ಆಡಿರಲಿಲ್ಲ. ಈಗ ಬೆಳಿಗ್ಗೆ ಎದ್ದ ಕೂಡಲೇ ಫೋನಿಗೆ ಕೈ ಹೋಗುತ್ತಿತ್ತು. "ಅರವತ್ತಾರಕ್ಕ ಹುಚ್ಚ ಹಿಡದೈತಿ ನಿಮಗ. ಎದ್ದು ದೇವರ ಮಾರಿ ನೋಡೂದು ಬಿಟ್ಟು ಅದನ್ನ ನೋಡ್ತೀರಿ" ಎಂದು ನೀಲವ್ವ ಬೈಯುತ್ತಿದ್ದಳು. ಬೈಯಲಿ ಎನಿಸುತ್ತಿತ್ತು.

ಮಳೆಗಾಲದ ನಡುವೆ ಒಂದು ಆಟ ಶುರುಮಾಡಿದೆ. ಒಂದೊಂದು ಮಗು ತನ್ನ ಮನೆಯ ಬಾಗಿಲು ಹೇಗಿದೆ ಎಂದು ಹೇಳಬೇಕು, ನಾನು ಅದರ ಚಿತ್ರ ಬರೆದು ಎಲ್ಲರಿಗೂ ತೋರಿಸಬೇಕು. ಹೊರಗೆ ಹೋಗುವಂತಿಲ್ಲದ ಮಕ್ಕಳಿಗೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗಿಬಂದ ಹಾಗಾಗುತ್ತಿತ್ತು. ಅಂತೂರ-ಬೆಂತೂರದ ಮುಬೀನಾ ಎಂಬ ಹನ್ನೊಂದು ವರ್ಷದ ಹುಡುಗಿ ಹೇಳಿದ್ದು ಈಗಲೂ ಕಿವಿಯಲ್ಲಿದೆ.

"ಅಜ್ಜಾರ, ನಮ್ಮ ಬಾಗಲಾ ನೀಲಿ ಐತ್ರಿ. ಆದ್ರ ಒಂದು ಹಲಗಿ ಹಸರ. ನೀಲಿ ಬಣ್ಣ ತೀರಿತ್ತು, ನಮ್ಮಪ್ಪ ‘ಇರ್ಲಿ ಬಿಡು, ಎರಡು ಬಾಗಲಾ ಇದ್ದಂಗ ಆತು’ ಅಂದ. ಬಾಜೂಕ ಅರಳಿ ಹಿಂಜೂ ಬಿಲ್ಲು ತೂಗ ಹಾಕೇವ್ರಿ. ಬಿಲ್ಲು ಮರೀಬ್ಯಾಡ್ರಿ ಮತ್ತ."

ಅವಳ ತಂದೆಯೇ ದಾವಲಸಾಬ. ಆ ಬಿಲ್ಲಿನಿಂದ ಹತ್ತಿ ಹಿಂಜಿ ಗಾದಿ, ತಲೆದಿಂಬು ತುಂಬುವ ಪಿಂಜಾರರವನು. ನಾನು ಬಾಗಿಲು ಬರೆದು ಕಳಿಸಿದೆ. ಹಳೆಯ ಮನೆಗಳ ಹೊಸ್ತಿಲು ನಡುವೆ ಸವೆದಿರುತ್ತದೆಂದು ಅದನ್ನೂ ಹಾಗೆಯೇ ತಗ್ಗಾಗಿಸಿದೆ. ಮುಬೀನಾಳ ಧ್ವನಿ ಬಂತು: "ನೀವು ನಮ್ಮ ಮನಿಗೆ ಬಂದಿದ್ರೇನ್ರಿ? ಹೊಸ್ತಲಾ ಸವದಿದ್ದು ಹೆಂಗ ಗೊತ್ತಾತು?" ಅವತ್ತು ನಾನು ಊಟ ಮಾಡುವಾಗಲೂ ಒಬ್ಬನೇ ನಗುತ್ತಿದ್ದೆ.

ಎಲ್ಲ ಮಕ್ಕಳಿಗಿಂತ ಮೊದಲು ಅವಳ ಧ್ವನಿ ಬರುತ್ತಿತ್ತು. ಬೀಗ ಬಿದ್ದ ಶಾಲೆಯ ಸಂಗತಿ, ಆಡಿನ ಮರಿಯ ಸಂಗತಿ, ಅವ್ವ ಹಾಡುವ ಹಾಡಿನ ಸಂಗತಿ. ಆ ವರ್ಷ ದಾವಲಸಾಬನ ಕೆಲಸ ಪೂರ್ತಿ ನಿಂತಿತ್ತೆಂದು ಗೊತ್ತಾದದ್ದೂ ಅವಳಿಂದಲೇ. ರೋಗದ ಹೆದರಿಕೆಯಲ್ಲಿ ಮಲಗುವ ಹಾಸಿಗೆಯನ್ನು ಹೊರಗಿನವನ ಕೈಗೆ ಯಾರು ಕೊಡುತ್ತಾರೆ?

ಮಳೆ ಹಿಂದಾಗಿ ಶೇಂಗಾ ಕೀಳುವ ದಿನಗಳು ಬಂದವು. ಒಂದು ಮುಂಜಾನೆ ಮುಬೀನಾ ಗುಂಪಿಗೆ ಹಾಕದೆ ನನ್ನೊಬ್ಬನಿಗೇ ಧ್ವನಿ ಕಳಿಸಿದ್ದಳು. ಪಿಸುಮಾತಿನಲ್ಲಿತ್ತು.

"ಅಜ್ಜಾರ, ಯಾರ ಮುಂದೂ ಹೇಳಬ್ಯಾಡ್ರಿ. ನಮ್ಮವ್ವ ನಸುಕಿನ್ಯಾಗ ಹಕ್ಕಲಾ ಆರಸಾಕ ಹೋಗ್ತಾಳ್ರಿ. ಅಪ್ಪ ಏಳೂದ್ರಾಗ ಬಂದಬಿಡ್ತಾಳ. ಮಾಮಾನ ಮನಿಯಿಂದ ಬಂದಾವು ಅಂತ ಹೇಳ್ತಾಳ. ಅಪ್ಪಗ ಗೊತ್ತಾದ್ರ ಉಣ್ಣೂದಿಲ್ಲ. ಇವತ್ತ ನಾನೂ ಹೋಗಿದ್ದೆ. ಇರವಿ ಗೂಡಿನ್ಯಾಗ ಎಷ್ಟ ಶೇಂಗಾ ಇದ್ದೂ ಗೊತ್ತೇನ್ರಿ? ಅವ್ವ ಅರ್ಧಾ ಇರವಿಗೇ ಬಿಟ್ಟಳು."

ಒಕ್ಕಲಿಗ ಬೆಳೆ ಒಯ್ದ ಮೇಲೆ ಹೊಲದಲ್ಲಿ ಉಳಿದ ತೆನೆಯನ್ನೋ ಕಾಯಿಯನ್ನೋ ಬಡವರು ಆರಿಸಿಕೊಳ್ಳುವುದೇ ಹಕ್ಕಲು. ನಮ್ಮ ಕಡೆ ಅದಕ್ಕೊಂದು ರೀತಿ ಇದೆ. ಹೊಲದೊಡೆಯ ಬೇಡವೆನ್ನುವುದಿಲ್ಲ. ಹಕ್ಕಲಿಗೆ ಬಂದವರನ್ನು ಕಂಡರೆ ಬೇರೆ ದಿಕ್ಕಿಗೆ ತಿರುಗಿ ನಿಲ್ಲುತ್ತಾನೆ. ಯಾರು ಬಂದಿದ್ದರು ಎಂದು ಊರಲ್ಲಿ ಮಾತಾಡುವುದಿಲ್ಲ. ಇದು ನನಗೆ ಯಾರೋ ಹೇಳಿದ್ದಲ್ಲ. ಅಪ್ಪ ತೀರಿದ ವರ್ಷ ನನ್ನ ತಾಯಿ ಜೋಳದ ಹಕ್ಕಲು ಆಯ್ದಳು. ನಾನು ಚೀಲ ಹಿಡಿದು ಹಿಂದೆ ಹೋಗಿದ್ದೆ. ಶಾಲೆಯಲ್ಲಿ ಯಾರಾದರೂ ಅದನ್ನು ಆಡಿದ್ದರೆ ಮತ್ತೆ ಶಾಲೆಯ ಕಡೆ ಮುಖ ಮಾಡುತ್ತಿರಲಿಲ್ಲ. ಇಷ್ಟು ಗೊತ್ತಿದ್ದ ಮನುಷ್ಯ ನಾನು.

ಆ ಧ್ವನಿಯನ್ನು ಮೂರು ಸಲ ಕೇಳಿದೆ. ಮೂರನೆಯ ಸಲ ಕೇಳುವಾಗ ಪುಟಗಳು ಕಣ್ಣಿಗೆ ಕಟ್ಟತೊಡಗಿದ್ದವು.

ಎರಡು ದಿನದಲ್ಲಿ ಹತ್ತು ಪುಟ ಬರೆದೆ. ಕರಿ ಹೊಲ, ನಸುಕು, ಬಾಗಿದ ಒಬ್ಬ ತಾಯಿ, ಇರುವೆಯ ಸಾಲು. ಅರ್ಧ ಇರುವೆಗೆ, ಅರ್ಧ ಮನೆಗೆ. ಗಂಡ ಏಳುವುದರೊಳಗೆ ಅವಳು ಮನೆ ಸೇರಿದಳೋ ಇಲ್ಲವೋ ಎನ್ನುವುದೇ ಕಥೆ. ಹೆಸರನ್ನು ಗಂಗವ್ವ ಎಂದು ಇಟ್ಟೆ. ಊರಿನ ಹೆಸರು ಹಾಕಲಿಲ್ಲ. ಮುಬೀನಾಳ ತಾಯಿಯನ್ನು ನಾನು ನೋಡಿಯೇ ಇರಲಿಲ್ಲ, ನನ್ನ ತಾಯಿಯ ಮುಖವನ್ನೇ ಬರೆದೆ. ಕೊನೆಯ ಪುಟದಲ್ಲಿ ಅವಳು ಬಂದು ನಿಲ್ಲುವ ಬಾಗಿಲು ಬೇಕಿತ್ತು. ನೀಲಿ ಬಾಗಿಲು ಬರೆದೆ, ಒಂದು ಹಲಗೆ ಹಸಿರು. ಬದಿಗೆ ಬಿಲ್ಲು.

ಕೊಟ್ಟ ನಮೂನೆಯನ್ನು ಬದಲಿಸದಿರುವುದು ಬೋರ್ಡು ಬರೆಯುವವನ ರೂಢಿ, ಕೈ ತಾನಾಗಿ ಹಾಗೆ ಬರೆಯಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಆ ಪುಟದ ಮುಂದೆ ನನ್ನ ಕೈ ನಿಂತಿತ್ತು. ಬೇರೆ ಬಣ್ಣ ಬಳಿಯಲೇ ಎಂದು ಕೆಂಪು ಡಬ್ಬಿಯ ಮುಚ್ಚಳವನ್ನೂ ತೆಗೆದಿದ್ದೆ. ಆದರೆ ಕರಿ ಮಣ್ಣಿನ ಎದುರು ಆ ನೀಲಿ ಮತ್ತು ಹಸಿರು ಎಷ್ಟು ಚೆನ್ನಾಗಿ ನಿಂತಿದ್ದವೆಂದರೆ, ಕೆಡಿಸಲು ಮನಸ್ಸಾಗಲಿಲ್ಲ. ಮುಚ್ಚಳ ಹಾಕಿದೆ.

ಸಂಜೆ ಐದಕ್ಕೆ ಓದಿ ಕಳಿಸಿದೆ. ಮುಬೀನಾಳ ಧ್ವನಿ ಬರಲಿಲ್ಲ. ಮುಂಡರಗಿಯ ಕಡೆಯ ಒಬ್ಬ ಹುಡುಗನ ಧ್ವನಿ ಬಂತು. ಅವನು ಅಂತೂರ-ಬೆಂತೂರ ಕಂಡವನೇ ಅಲ್ಲ.

"ಅಜ್ಜಾರ, ಇದು ಮುಬೀನಾನ ಮನಿ ಬಾಗಲಾ ಅಲ್ಲೇನ್ರಿ?"

ಗುಂಪಿನಲ್ಲಿ ಎಲ್ಲರೂ ಆ ಬಾಗಿಲನ್ನು ಮೊದಲೇ ಕಂಡಿದ್ದರು, ತೋರಿಸಿದವನು ನಾನೇ. ಚಿತ್ರದ ಪುಸ್ತಕದಲ್ಲಿ ಮಕ್ಕಳು ಮೊದಲು ಓದುವುದು ಚಿತ್ರವನ್ನು. ಹೆಸರು ಬದಲಿಸಿದರೆ ಏನಾಯಿತು? "ಅಂಥಾ ಬಾಗಲಾ ಭಾಳ ಇರ್ತಾವಪಾ" ಎಂದು ನಗುತ್ತ ಉತ್ತರ ಕೊಟ್ಟೆ.

ಕತ್ತಲಾಗುವ ಹೊತ್ತಿಗೆ ನನ್ನೊಬ್ಬನಿಗೇ ಮುಬೀನಾಳ ಧ್ವನಿ ಬಂತು. "ಅಜ್ಜಾರ, ಅದನ್ನ ತಗೀರಿ." ಅಷ್ಟೇ. "ಯಾರಿಗೂ ಗೊತ್ತಾಗೂದಿಲ್ಲವ್ವಾ, ಹೆಸರು ಬ್ಯಾರೆ ಹಾಕೇನಿ" ಎಂದು ಕಳಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂತು. "ತಗೀರಿ." ಆ ಹೊತ್ತಿಗೆ ಅಕ್ಕೋರ ಗೆಳತಿಯರೆಲ್ಲ ಆ ವಿಡಿಯೊವನ್ನು ಬೇರೆ ಬೇರೆ ಗುಂಪುಗಳಿಗೆ ಕಳಿಸುತ್ತಿದ್ದರು. ಗುರುತಿಲ್ಲದವರು ಫೋನ್ ಮಾಡಿ, ಕಣ್ಣಾಗ ನೀರು ಬಂತು ಸರ ಎನ್ನುತ್ತಿದ್ದರು. ಮರುದಿನ ಬೆಳಿಗ್ಗೆ ಪ್ರಕಾಶಕರೊಬ್ಬರು ಪುಸ್ತಕ ಮಾಡೋಣ ಎಂದರು. ನಾನು ತೆಗೆಯಲಿಲ್ಲ. ಒಂದು ಬೆರಳು ಒತ್ತಿದ್ದರೆ ಗುಂಪಿನಿಂದಾದರೂ ಹೋಗುತ್ತಿತ್ತು. ಒತ್ತಲಿಲ್ಲ.

ಅದು ಅಂತೂರ-ಬೆಂತೂರದ ಹುಡುಗರ ಫೋನಿಗೂ ಹೋಯಿತು. ಚಾದಂಗಡಿಯಲ್ಲಿ ಯಾವನೋ ದಾವಲಸಾಬನಿಗೆ, "ಏ ದಾವಲಸಾಬ, ನಿನ್ನ ಹೆಂಡ್ತಿ ಫೋನಿನ್ಯಾಗ ಬಂದಾಳಲ್ಲೋ. ಹಕ್ಕಲಾ ಆರಿಸಿ ನಿನಗ ಉಣಸಾಕತ್ತಾಳ. ನೀ ಕುಂತ ತಿನ್ನು ಮಗನ" ಎಂದನಂತೆ. ಇದನ್ನು ಅಕ್ಕೋರು ಫೋನಿನಲ್ಲಿ ಹೇಳಿದರು. "ಸರ, ಊರಾಗ ಹಿರೇರು ಸಿಟ್ಟಾಗ್ಯಾರ. ಪೇಂಟರ ಬಡವರ ಮನಿ ಮ್ಯಾಲ ಇಲ್ಲದ್ದು ಕಟ್ಟಿ ಬರದಾನ, ಕಂಪ್ಲೇಂಟ್ ಕೊಡೋಣು ಅನ್ನಾಕತ್ತಾರ. ದಾವಲಸಾಬ ನಿಮ್ಮ ಮನಿಗೇ ಹೊಂಟಾನ" ಎಂದರು.

ಆ ಹುಡುಗಿ, ಆ ತಾಯಿ, ಯಾರೂ ಆಗ ನೆನಪಿಗೆ ಬರಲಿಲ್ಲ. ಇಲ್ಲದ್ದು ಕಟ್ಟಿದೆ ಎನ್ನುತ್ತಾರೆ, ಪುಸ್ತಕ ಕೈತಪ್ಪುತ್ತದೆ, ಪೊಲೀಸರು ಬರುತ್ತಾರೆ. ಇಷ್ಟೇ ತಲೆಯಲ್ಲಿ ತಿರುಗುತ್ತಿತ್ತು.

ಮಧ್ಯಾಹ್ನ ದಾವಲಸಾಬ ಬಂದ. ತೆಳ್ಳನೆಯ ಮನುಷ್ಯ, ಅಂಗಿಯ ಗುಂಡಿ ಎಲ್ಲ ಹಾಕಿಕೊಂಡಿದ್ದ. ಮುಖಕ್ಕೆ ವಸ್ತ್ರ ಕಟ್ಟಿಕೊಂಡು ಕಟ್ಟೆಯ ಮೇಲೆ ದೂರ ಕೂತ. ಜಗಳಕ್ಕೆ ಬಂದವನ ಹಾಗಿರಲಿಲ್ಲ.

"ಅಜ್ಜಾರ, ನಮ್ಮ ಹುಡುಗಿ ನಿಮ್ಮದು ಭಾಳ ಹೇಳ್ತಿತ್ತು. ಆನಿ ಹಿಂಗ ಬರೀತಾರ, ಹುಲಿ ಹಂಗ ಬರೀತಾರ ಅಂತ."

"ಹೌದಪಾ. ಶ್ಯಾಣೆ ಹುಡುಗಿ."

"ನೀವು ಕಥಿ ಕಟ್ಟವ್ರು. ಮನಸ್ಸಿಗೆ ಬಂದಿದ್ದು ಬರೀತೀರಿ, ಅಲ್ಲೇನ್ರಿ?"

ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತೆ.

"ಈ ಹಕ್ಕಲದ ಕಥೀನೂ ನೀವ ಕಟ್ಟಿದ್ದ ಇರಬೇಕಲ್ರಿ. ಊರಾಗ ಮಂದಿಗೆ ನಾ ಅದನ್ನ ಹೇಳ್ತೀನಿ. ಬಾಗಲಾ ಅಷ್ಟ ನಮ್ಮದು, ಕಥಿ ಅಜ್ಜಾರದು. ಹೌದಲ್ರಿ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅವನು ಅದೊಂದು ಮಾತಿಗಾಗಿಯೇ ಆ ಬಿಸಿಲಲ್ಲಿ ಬಂದಿದ್ದ. ಮೂರು ಸಲ ಕೈಗೆ ಕೊಟ್ಟ. ನಾನೋ ಅವನು ನನ್ನನ್ನು ಸಿಕ್ಕಿಸಲು ಬಂದಿದ್ದಾನೆ ಎಂದುಕೊಂಡೆ. ಕಟ್ಟಿದೆ ಎಂದು ನನ್ನ ಬಾಯಿಂದಲೇ ಹೊರಡಿಸಿ ಹಿರಿಯರ ಮುಂದೆ ಹೇಳುತ್ತಾನೆ ಎಂದುಕೊಂಡೆ.

"ನಾ ಸುಳ್ಳ ಕಟ್ಟಾವಲ್ಲಪಾ. ನಿನ್ನ ಮಗಳ ಹೇಳ್ಯಾಳ. ಬೇಕಾದ್ರ ಕೇಳು" ಎಂದು ಫೋನ್ ತೆಗೆದು, ಆ ಪಿಸುಮಾತನ್ನು ಹಚ್ಚಿದೆ.

ಬಿಸಿಲಲ್ಲಿ ಆ ಹುಡುಗಿಯ ಧ್ವನಿ ಕಟ್ಟೆಯ ಮೇಲೆ ಕೇಳಿತು. ಯಾರ ಮುಂದೂ ಹೇಳಬ್ಯಾಡ್ರಿ. ಅಪ್ಪಗ ಗೊತ್ತಾದ್ರ ಉಣ್ಣೂದಿಲ್ಲ. ನಡುವೆ ನಿಲ್ಲಿಸಬೇಕೆನಿಸಿತು, ಬೆರಳು ಏಳಲಿಲ್ಲ. ಮುಗಿದ ಮೇಲೆ ದಾವಲಸಾಬ ತಲೆ ಎತ್ತದೆ, "ಇನ್ನೊಮ್ಮೆ ಹಚ್ಚರಿ" ಎಂದ. ಹಚ್ಚಿದೆ. ಎರಡನೆಯ ಸಲ ಅವನು ಕಣ್ಣು ಮುಚ್ಚಿಕೊಂಡು ಕೇಳಿದ.

"ಇಷ್ಟ ದಿನಾ ಉಂಡೆ ನಾನು" ಎಂದ. ತನಗೇ ಹೇಳಿಕೊಂಡದ್ದು.

ನೀಲವ್ವ ಚಹಾ ತಂದಿದ್ದಳು. ಅವನು ಕೈಮುಗಿದು, ಮುಟ್ಟದೆ ಎದ್ದು ಹೋದ. ಒಳಗಿನಿಂದ ಅವಳೂ ಎಲ್ಲ ಕೇಳಿಸಿಕೊಂಡಿದ್ದಳು. ಚಹಾದ ಲೋಟ ಹಿಡಿದು ನಿಂತಲ್ಲೇ ನಿಂತು, ನನ್ನ ಮುಖ ನೋಡಿ, "ನೀವು ಮಕ್ಕಳ ಪುಸ್ತಕಾ ಬರೀತೀರಿ" ಎಂದಳು. ಚಹಾ ಅಂಗಳಕ್ಕೆ ಚೆಲ್ಲಿ ಒಳಗೆ ಹೋದಳು.

ಆ ಸಂಜೆ ಮುಬೀನಾಳ ಮನೆಯ ನಂಬರು ಗುಂಪಿನಿಂದ ಹೊರಗೆ ಹೋಯಿತು. ನಾನು ಫೋನ್ ಮಾಡಿದೆ, ಬಂದ್ ಇತ್ತು. ಮರುದಿನವೂ ಬಂದ್. ಐದಕ್ಕೆ ಹಿಟ್ಟಿನ ಡಬ್ಬಿಯ ಮುಂದೆ ಕೂತು, ಪುಟ ತೆರೆಯದೆ ಏಳುತ್ತಿದ್ದೆ. "ಅಜ್ಜಾರ, ಯಾಕ ಬರವಲ್ರಿ? ಆರಾಮಿಲ್ಲೇನ್ರಿ?" ಎಂದು ಮಕ್ಕಳು ಕೇಳುತ್ತಲೇ ಇದ್ದರು. ಕೆಲವರು ಹಾಡಿ ಕಳಿಸಿದರು. ಒಬ್ಬ ಹುಡುಗಿ, ಅಜ್ಜ ಸತ್ತಾನೇನೋ ಎಂದು ಅತ್ತು ಕಳಿಸಿದಳು. ಯಾರಿಗೂ ಉತ್ತರಿಸಲಿಲ್ಲ.

ಎಂಟು ಹತ್ತು ದಿನ ಬಿಟ್ಟು ಅಂತೂರ-ಬೆಂತೂರಕ್ಕೆ ಹೋದೆ. ಕೇಳದೆಯೇ ಮನೆ ಸಿಕ್ಕಿತು. ನೀಲಿ ಬಾಗಿಲು, ಹಸಿರು ಹಲಗೆ, ತಗ್ಗಾದ ಹೊಸ್ತಿಲು. ಬೀಗ ಹಾಕಿತ್ತು. ಬಿಲ್ಲು ಇರಲಿಲ್ಲ, ಮೊಳೆ ಮಾತ್ರ ಇತ್ತು. ಪಕ್ಕದ ಮನೆಯ ಮುದುಕಿ ಕಾಳು ಹಸನು ಮಾಡುತ್ತಿದ್ದವಳು ತಲೆ ಎತ್ತಿದಳು.

"ಫೋನಿನ್ಯಾಗಿನ ಬಾಗಲಾ ನೋಡಾಕ ಬಂದೀಯೇನು? ಭಾಳ ಮಂದಿ ಬಂದು ನೋಡಿ ಹೋದ್ರು."

"ಮನೀಯವರು ಎಲ್ಲಿ ಹೋಗ್ಯಾರವ್ವಾ?"

"ಎಲ್ಲಿಗಿ ಹೋದ್ರೋ. ಹೊಡೀಲಿಲ್ಲ, ಬೈಲಿಲ್ಲ ಪುಣ್ಯಾತ್ಮ. ಮೂರು ದಿನಾ ಬರೇ ನೀರ ಮ್ಯಾಲ ಇದ್ದ. ಹೆಂಡ್ತಿ ಕಾಲ ಹಿಡಕೊಂಡ್ರೂ ತುತ್ತು ಮುಟ್ಟಲಿಲ್ಲ. ಆ ಹುಡುಗಿ ‘ನಂದ ತಪ್ಪು, ನಂದ ತಪ್ಪು’ ಅಂತ ಗ್ವಾಡಿಗೆ ತಲಿ ಬಡಕೊಂತಿತ್ತು. ನಾಕನೇ ದಿನಾ ಮೂಟಿ ಕಟ್ಟಿ ಹೊಂಟ್ರು." ಆಮೇಲೆ ಕಣ್ಣು ಸಣ್ಣಗೆ ಮಾಡಿ ನನ್ನನ್ನು ನೋಡಿದಳು. "ನೀ ಯಾರು?"

ಯಾರೂ ಅಲ್ಲ ಎಂದೆ.

ಇನ್ನೊಂದು ಉಳಿದಿದೆ. ಆ ಪುಸ್ತಕ ಬಂತು. ಬೇಡವೆಂದು ಪ್ರಕಾಶಕರಿಗೆ ಬರೆಯಲು ಎರಡು ಸಲ ಕೂತೆ, ಎರಡು ಸಲವೂ ಎದ್ದೆ. ಕೊನೆಗೆ ಹತ್ತನೆಯ ಪುಟ ತೆಗೆದು ಬಾಗಿಲಿಗೆ ಕೆಂಪು ಬಳಿದೆ, ಬಿಲ್ಲು ಅಳಿಸಿದೆ. ಕಾಲು ಗಂಟೆಯ ಕೆಲಸ. ಮೊದಲೇ ಮಾಡಿದ್ದರೆ ಅಷ್ಟೇ ಸಾಕಾಗಿತ್ತು. ಪುಸ್ತಕ ಓದಿದ ಒಬ್ಬರೂ ಬಾಗಿಲ ಬಣ್ಣ ಸರಿಯಿಲ್ಲ ಎನ್ನಲಿಲ್ಲ.

ಅವರು ಲಕ್ಷ್ಮೇಶ್ವರದಲ್ಲಿದ್ದಾರೆಂದು ಈ ವರ್ಷ ಅಕ್ಕೋರಿಂದಲೇ ತಿಳಿಯಿತು. ಬಜಾರದ ಹಿಂದಿನ ಓಣಿ. ಮನೆಯ ಮುಂದಿನ ತಗಡಿನ ಕೆಳಗೆ ಹತ್ತಿ ಹಿಂಜುವ ಯಂತ್ರ, ಹೊಲಿದಿಟ್ಟ ಗಾದಿಗಳು. ದಾವಲಸಾಬನ ಗಡ್ಡ ಬೆಳ್ಳಗಾಗಿತ್ತು. ಗುರುತು ಹಿಡಿದ. ಯಂತ್ರ ಬಂದ್ ಮಾಡಿ, "ಕುಂಡ್ರಿ" ಎಂದ.

ನಿಂತೇ ಹೇಳಿದೆ. "ನಂದು ತಪ್ಪಾತು ದಾವಲಸಾಬ. ಹೇಳಬಾರದ್ದು ಬರದೆ. ಅದಕ್ಕಿಂತ ದೊಡ್ಡದು, ಅವತ್ತ ನಿನ್ನ ಮುಂದ ಅದನ್ನ ಹಚ್ಚಿದೆ."

ಅವನು ಕೈಗೆ ಅಂಟಿದ ಅರಳೆ ಬಿಡಿಸಿಕೊಂಡ. "ನೀವು ಖರೇನ ಹೇಳಿದ್ರಿ" ಎಂದ. "ನಾ ಅವತ್ತ ಖರೆ ಕೇಳಾಕ ಬಂದಿದ್ದಿಲ್ರಿ."

ಮಗಳ ಓದು ಹೇಗಿದೆ ಎಂದು ಕೇಳಿದೆ.

"ಬಿಟ್ಟಳ್ರಿ. ಹೋಗು ಅಂದೆ, ಹೋಗಲಿಲ್ಲ. ಹಿಂಜಿದ ಅರಳಿ ತುಂಬ್ತಾಳ, ಹೊಲೀತಾಳ." ದನಿ ತಗ್ಗಿಸಿ ಹೇಳಿದ, "ಆಕಿ ಅವ್ವ ಹಿತ್ತಲದಾಗ ಅದಾಳ, ಹೊರಗ ಬರೂದಿಲ್ರಿ. ಗುರುತಿಲ್ಲದವ್ರು ಬಂದ್ರ ಹೆದರ್ತಾಳ, ಏನ ನೋಡಾಕ ಬಂದಾರೋ ಅಂತ. ನೀವು ಬಂದಿದ್ದು ಗೊತ್ತಾಗೂದು ಬ್ಯಾಡ."

ಅಷ್ಟರಲ್ಲಿ ಮುಬೀನಾ ನೀರು ತಂದಳು. ಹದಿನಾರರ ಹುಡುಗಿ, ತಲೆಯ ಮೇಲೆ ಓಢಣಿ. ಮುಖವನ್ನು ಮೊದಲ ಸಲ ನೋಡಿದೆ. "ಅಜ್ಜಾರ" ಎಂದಳು. ನನ್ನ ಧ್ವನಿಯಿಂದಲೇ ಗುರುತು ಹಿಡಿದಿದ್ದಳು. ತಪ್ಪಾತವ್ವಾ ಎಂದು ಹೇಳಲು ಬಾಯಿ ತೆರೆದೆ. ಅವಳು ಬೆರಳು ತುಟಿಗೆ ಒತ್ತಿ, ಒಳಗಿನ ಬಾಗಿಲ ಪರದೆಯ ಕಡೆ ಕಣ್ಣು ತೋರಿಸಿದಳು.

ಪರದೆಯ ಹಿಂದಿನಿಂದ ಹೆಂಗಸಿನ ಧ್ವನಿ ಬಂತು. "ಮುಬೀನಾ, ಯಾರ ಬಂದಾರ?"

"ಯಾರೂ ಅಲ್ಲ ಯವ್ವಾ. ದಾರಿ ಕೇಳಾಕ ಬಂದಾರ."

"ಎಲ್ಲಿಗಂತ?"

ಅವಳು ತಡವರಿಸಲಿಲ್ಲ. "ಬಸ್ ಸ್ಟ್ಯಾಂಡಿಗೆ" ಎಂದು, ನನ್ನ ಕೈಯಿಂದ ಲೋಟ ತೆಗೆದುಕೊಂಡು, ಓಣಿಯ ಕಡೆಗೆ ಕೈ ತೋರಿಸಿ ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು. "ಹಿಂಗ ಸೀದಾ ಹೋಗ್ರಿ ಅಜ್ಜಾರ. ಬಜಾರ ದಾಟಿ ಎಡಕ್ಕ ಹೊಳ್ರಿ."

ದಾರಿ ಗೊತ್ತಾದವನಂತೆ ತಲೆಯಾಡಿಸಿದೆ. "ಆತವ್ವಾ" ಎಂದೆ, ನಾನೂ ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ. ಅವಳು ತೋರಿಸಿದ ಕಡೆಗೇ ನಡೆದೆ.